ನಡುಗಂಬ ಸುತ್ತಿಸುವವರು

ಗುಂಜಿ ಸ್ಟೇಷನ್ನಿನಲ್ಲಿ ಬೆಳಗಾವಿ ಗಾಡಿಗೆ ಕಾಯುತ್ತಿದ್ದ ಕುಮುದಿನಿಬಾಯಿ ಜಪಸರ ತಿರುಗಿಸುತ್ತಿದ್ದರೂ, ಕಿವಿಯೆಲ್ಲ ಪಕ್ಕದಲ್ಲಿ ಕೂತಿದ್ದ ಗಂಡ ಹೆಂಡಿರ ಮಾತಿನ ಮೇಲೇ ಇತ್ತು.

"ಮುಧೋಳದ ಮರೀನ ತರೂಣು. ದಿನಾ ಅಡವಿ ಸುತ್ತಾಂವ ನಾನು, ನನ್ನ ಜೋಡಿ ಓಡೂ ನಾಯಿ ಬೇಕು."

"ಅದು ಬಯಲಾಗ ಓಡೂ ನಾಯಿ ರೀ. ನಮ್ಮ ಮುಳ್ಳುಕಂಟ್ಯಾಗ ಮೈ ಹರಕೊಂತೈತಿ."

"ಹಂಗಾರ ಕ್ಯಾಂಪಿನ ಸಾಹೇಬನ ಮನ್ಯಾಗಿನ ಜೂಲುನಾಯಿ ಮರಿ?"

"ಅದರ ಮೈತುಂಬ ಉಣ್ಣಿ ಆರಿಸಾವ್ರು ಯಾರು?"

"ಯಾವುದಽ ಬರಲಿ, ಮರಿ ಕೈಲೆ ಮನಿ ನಡುಗಂಬ ಈ ಸಲ ನಾನಽ ಸುತ್ತಸ್ತೀನಿ. ಸುತ್ತಿಸಿದವರನ್ನಽ ಮರಿ ತನ್ನ ಧಣಿ ಅಂತ ತಿಳೀತೈತಿ. ನಮ್ಮ ಹಳೇ ನಾಯಿ ಕರಿಯಾನ್ನ ನೀ ಸುತ್ತಿಸಿದಿ. ನನ್ನ ಜೋಡಿ ಅಡವಿಗೆ ಬಂದ್ರೂ ಅದರ ಜೀವ ನಿನ್ನ ಕಡೇನ."

"ಹ್ವಾದ ಮಳಿಗಾಲದಾಗ ಹಳ್ಳದಾಗ ಕಾಲು ಮುರಕೊಂಡು ಬಿದ್ದಿದ್ರಿ. ಯಾರು ಬಂದು ಹೇಳಿದ್ರು ನನಗ?"

ಅವನು ಮೀಸೆ ತೀಡಿಕೊಂಡ. "ಕರಿಯಾ."

"ಜೀವ ನನ್ನ ಕಡೆ ಇದ್ದದ್ದಕ್ಕಽ ಮನಿತನಕಾ ಓಡಿ ಬಂದು ನನ್ನ ಸೀರಿ ಹಿಡದು ಜಗ್ಗಿತು. ಈಗ ಅದಕ್ಕ ವಯಸ್ಸಾತು, ಹೊಸ್ತಲಾ ದಾಟಂಗಿಲ್ಲ. ನೀವು ಅಡವಿ ಬಿಡಂಗಿಲ್ಲ."

ಗಾಡಿ ಬಂತು. ಅವನು ಕಾಲೆಳೆಯುತ್ತ ಎದ್ದ. ಅವಳು ಬುತ್ತಿಯ ಗಂಟು ಎತ್ತಿಕೊಂಡಳು. ಕುಮುದಿನಿಬಾಯಿಯ ಬೆರಳು ಒಂದೇ ಮಣಿಯ ಮೇಲೆ ನಿಂತಿತ್ತು.

ಡಬ್ಬಿಯ ಬಾಗಿಲ ಹತ್ತಿರ ಅವನ ದನಿ ಕೇಳಿಸಿತು:

"ಮುಧೋಳದ್ದಽ ತರೂಣು. ಮುಳ್ಳು ನಾ ನೋಡ್ಕೊಂತೀನಿ. ಕಂಬ ನೀನಽ ಸುತ್ತಸು."