ಗೋಡೆಯಾಚೆ ಹರಿದ ಹಸಿರು

ಹಲೋ, ಯಾರು ಮಾತಾಡ್ತಿರೋದು? ಅಕ್ಕನಾ?

...

ನಾನೇ, ಗೋಡೆ ಈಚೆಯವಳು. ನಿನ್ನ ಓರಗಿತ್ತಿ. ಇಡಬೇಡ, ಜಗಳಕ್ಕೆ ಫೋನ್ ಮಾಡಿಲ್ಲ. ಅಡುಗೆಮನೇಲಿ ಬಾವಿ ನೀರಿನ ನಲ್ಲಿ ಸ್ವಲ್ಪ ಬಿಟ್ಟು ನೋಡು. ಯಾವ ಬಣ್ಣ ಬರ್ತಿದೆ?

...

ಹಸಿರಾ? ಅಂದ್ಕೊಂಡೆ. ಕುಡಿದ್ಯಾ?

...

ಭಾವ ಕಾಫಿ ಕುಡಿದ್ರಾ? ಬಣ್ಣ ಗೊತ್ತಾಗ್ಲಿಲ್ವಾ? ಬಿಡು, ಅವರು ಪೇಪರ್ ಓದ್ತಾ ಕೂತ್ರೆ ಲೋಟಾನೂ ನುಂಗ್ತಾರೆ.

...

ಬಣ್ಣದಿಂದ ಏನೂ ಆಗಲ್ಲ. ಅದರ ಜೊತೆ ಬಂದಿರೋದೇ ಬೇರೆ. ಸೆಪ್ಟಿಕ್ ಟ್ಯಾಂಕ್ ಇರೋ ಮನೆಗಳನ್ನೆಲ್ಲ ಪರೀಕ್ಷೆ ಮಾಡ್ಬೇಕು ಅಂತ ಸರ್ಕಾರದ ನಿಯಮ ಬಂತಲ್ಲ? ಮೊನ್ನೆ ಇನ್ಸ್‌ಪೆಕ್ಟರಮ್ಮ ಬಂದು, ಟ್ಯಾಂಕ್ ಎಲ್ಲಿಗಾದ್ರೂ ಸೋರುತ್ತಾ ನೋಡೋಕೆ, ನಮ್ಮ ಕಕ್ಕಸಿಗೆ ಒಂದು ಬಾಟ್ಲಿ ಹಸಿರು ಬಣ್ಣ ಸುರಿದು ಹೋದ್ರು. ವೋಟು ಕೇಳೋಕೂ ಹೊಸಿಲು ದಾಟದ ಸರ್ಕಾರ ಸೀದಾ ಕಕ್ಕಸಿಗೇ ಬಂತು ನೋಡು.

...

ಹೌದು, ಅಲ್ಲಿ ಸುರಿದಿದ್ದೇ ನಿಮ್ಮ ಬಾವೀಲಿರೋದು. ನಿಧಾನಕ್ಕೆ ಯೋಚ್ನೆ ಮಾಡು, ನಾನು ಕಾಯ್ತೀನಿ.

...

ನನಗ್ಯಾಕೆ ಬೈತೀಯ? ನಮ್ಮನೆ ನೀರು ಮುಟ್ಟಲ್ಲ ಅಂತ ಆಣೆ ಮಾಡಿದ್ದು ಭಾವ. ಇಷ್ಟು ವರ್ಷ ಅವರು ಕುಡಿದಿದ್ದೇ ಅದು... ನಗ್ತಿದ್ದೀಯಾ?

...

ನಿಮ್ಮ ಪುಟ್ಟಿಗೆ ಆಗಾಗ ಬರೋ ಹೊಟ್ಟೆನೋವಾ? ಹಾಂ... ಇದರಿಂದಾನೇ ಇರಬಹುದು. ಅಳಬೇಡ. ಇವತ್ತೇ ಡಾಕ್ಟರಿಗೆ ತೋರಿಸೋಣ, ನಾನೂ ಬರ್ತೀನಿ.

...

ಟ್ಯಾಂಕ್ ನಾವು ಒಡೆದಿದ್ದಲ್ಲ ಅಕ್ಕ. ಬೆಳಿಗ್ಗೆ ಇನ್ಸ್‌ಪೆಕ್ಟರಮ್ಮ ಮತ್ತೆ ಬಂದು ಮುಚ್ಚಳ ತೆಗೆಸಿ ನೋಡಿದ್ರು. ಮನೆ ಪಾಲಾದಾಗ ಭಾವ ಹಠ ಹಿಡಿದು ಎಬ್ಬಿಸಿದ ಗೋಡೆ ಇದೆಯಲ್ಲ, ಅದರ ಕಂಬ ಟ್ಯಾಂಕಿನ ಹೊಟ್ಟೆಗೇ ಇಳಿದಿದೆ.

...

ಹೂಂ, ಗೋಡೆ ಕೆಡವಲೇಬೇಕಂತೆ. ಬಾವಿಯಿಂದ ದೂರದಲ್ಲಿ ಹೊಸ ಟ್ಯಾಂಕ್ ಕಟ್ಟಬೇಕು. ಅಲ್ಲೀತನಕ ನಿಮ್ಮ ಬಾವಿ ಬಂದ್, ನಮ್ಮ ಕಕ್ಕಸಿಗೆ ಬೀಗ.

...

ನೀರು ನಾನು ಕೊಡ್ತೀನಿ. ನಮ್ಮದು ಪೈಪಿನ ನೀರು ಅಲ್ವಾ, ಕೊಡ ತಗೊಂಡು ಬಾ. ಭಾವನ್ನ ಕೇಳ್ತಾ ಕೂರಬೇಡ.

...

ಬದಲಿಗೆ ನನಗೇನು ಬೇಕು ಅಂತೀಯಾ? ನಿಮ್ಮ ಗೇಟ್ ಹತ್ರ ಯಾರು ನಿಂತಿದ್ದಾರೆ, ಕಿಟಕೀಲಿ ನೋಡು.

...

ಹಾಂ, ನಿನ್ನ ಮೈದುನಾನೇ. ರಾಜಿಗೆ ಬಂದಿಲ್ಲ. ಕಕ್ಕಸಿಗೆ ಬೀಗ ಬಿದ್ದಾಗಿಂದ ತಡ್ಕೊಂಡಿದ್ದಾರೆ. ನಿಮ್ಮ ಟ್ಯಾಂಕ್ ಪರೀಕ್ಷೇಲಿ ಪಾಸಾಯ್ತಂತಲ್ಲ.

...

ಭಾವನೇ ಬಾಗಿಲು ತೆಗೆದ್ರಾ? ಏನಂತಿದ್ದಾರೆ?

...

ಹೇಗಿದ್ದೀಯ ಅಂದ್ರಾ? ಇವರೇನಂದ್ರು?

...

ಇಬ್ರೂ ಅಳ್ತಿದ್ದಾರಾ? ಅಕ್ಕ, ಇಷ್ಟು ವರ್ಷ ಆಡದ ಮಾತು ಈಗಲೇ ಆಡಬೇಕಾ? ಮೊದಲು ದಾರಿ ಬಿಡೋಕೆ ಹೇಳು. ಇವರು ಅದಕ್ಕಲ್ಲ ಅಳ್ತಿರೋದು... ಹಲೋ? ಅಕ್ಕಾ, ಕೇಳಿಸ್ತಾ... ಹಲೋ...