ಗುಡಿಸುವ ಮೊದಲಿನ ಫೋಟೋ

ನವಿ ಮುಂಬೈನ ಕೋಪರಖೈರಣೆಯ ಬಸ್ ಸ್ಟಾಪಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಜಗಳಕ್ಕೆ ಬಿದ್ದಿದ್ದರು. ಒಬ್ಬಾಕೆ ಪಾಲಿಕೆಯಲ್ಲಿ ರಸ್ತೆ ಗುಡಿಸುವ ಖಾಯಂ ನೌಕರಳು, ಇನ್ನೊಬ್ಬ ಆಕೆಯ ಕೆಲಸ ನೋಡಿಕೊಳ್ಳುವ ಮುಕಾದಮ. ಮಾತು ಕಲಬುರಗಿ ಕಡೆಯದು.

“ರೇವಣಸಿದ್ದ, ಎಲ್ಲಾರ ಪಗಾರ ಏರ್ಯಾದ. ನಂದ್ಯಾಕ ಏರಿಲ್ಲ?”

“ಈಗ ಕೆಲಸ ನೋಡಿ ಏರಸ್ತಾರ, ದಾನಮ್ಮಕ್ಕ. ನಿನ್ನ ಮಾರ್ಕ್ಸ್ ಕಮ್ಮಿ ಅವ.”

“ನನ್ನ ಗಲ್ಲಿಯೊಳಗ ಒಂದು ಕಡ್ಡಿ ಕಸ ತೋರಸು ನೋಡೂಣ.”

“ಅದೇ ತ್ರಾಸ್ ಆಗ್ಯಾದ. ಗುಡಿಸೂಕಿಂತ ಮೊದಲ ಒಂದು, ಗುಡಿಸಿದ ಮ್ಯಾಲ ಒಂದು ಫೋಟೋ ನಾ ಕಳಸಬೇಕು. ನಿನ್ನ ಎರಡೂ ಫೋಟೋದಾಗ ರಸ್ತಾ ಸಾಫ್ ಅದ. ಈಕಿ ಮಾಡಿದ್ದೇನು ಅಂತ ಸಾಹೇಬ್ರು ಕೇಳ್ತಾರ.”

“ನೀ ಎದ್ದು ಬರೂದೇ ಏಳಕ್ಕ. ನಾ ಆರಕ್ಕೇ ಗುಡಿಸಿ ಮುಗಿಸಿರ್ತೀನಿ.”

“ನಾ ಬರೂತನಕ ಗುಡಿಸಬ್ಯಾಡ.”

“ಸಾಲಿ ಹುಡುಗ್ರು ಆ ಹೊಲಸು ತುಳಕೊಂಡು ಹೋಗ್ಲೇನು?”

“ಬಾಜೂ ಗಲ್ಲಿ ಗುಡಸೂ ಸಾಬವ್ವನ್ನ ನೋಡಿ ಕಲಿ. ಆಕಿಗಿ ಪೂರಾ ಮಾರ್ಕ್ಸ್.”

“ನೋಡೀನಿ. ನಿನ್ನೆ ಗುಡಿಸಿದ ಕಸ ಚೀಲದಾಗ ಇಟ್ಕೊಂಡು, ನೀ ಮೊಬೈಲ್ ತಗದ ಮ್ಯಾಲ ರಸ್ತಾದ ಮ್ಯಾಲ ಸುರೀತಾಳ. ನಿನಗ ಗೊತ್ತಿಲ್ಲೇನು?”

“ನನಗ ಫೋಟೋ ಬೇಕು. ಬಾಕಿದು ಕೇಳಬ್ಯಾಡ.”

ಬಸ್ ಬಂತು. ದಾನಮ್ಮ ಮೆಟ್ಟಿಲು ಹತ್ತಿ ತಿರುಗಿ ನಿಂತಳು.

“ಆಯ್ತು, ಕಲ್ತೆ. ನಾಳೆ ಏಳಕ್ಕ ಮೊಬೈಲ್ ಹಿಡಕೊಂಡು ನಿನ್ನ ಮನಿ ಬಾಗಲದಾಗೇ ನಿಂದ್ರು. ನಾ ಚೀಲ ತರ್ತೀನಿ.”

ಅದೇ ಬಸ್ಸಿಗೆಂದು ಕಾದಿದ್ದ ಮುಕಾದಮ ಹತ್ತಲಿಲ್ಲ.