ಕಂಚಿನ ನಾಯಿಯ ಮುಂಗಾಲು

ಹತ್ತಿರ ಬನ್ರೋ, ಜೋರಾಗಿ ಹೇಳೋ ಮಾತಲ್ಲ ಇದು... ನಮ್ಮ ಪಕ್ಕದ ಮನೆಯವಳಿಗೇ ಆದದ್ದು. ಮ್ಯೂಸಿಯಮ್ಮಿನಲ್ಲಿ ಹಳೇ ಲೋಹದ ಸಾಮಾನು ಪರೀಕ್ಷೆ ಮಾಡೋದು ಅವಳ ಕೆಲಸ.

ಅವತ್ತು ರಾತ್ರಿ ಹಾಳುಬಾವಿ ದಾರೀಲಿ ಕಾಲೆಳೆದುಕೊಂಡು ಬರ್ತಿದ್ದಳು. ಅತ್ತೆ ಆಸ್ಪತ್ರೆ ಸೇರಿ ವಾರ ಆಗಿತ್ತು. ಹಗಲು ಕೆಲಸ, ರಾತ್ರಿ ಆಸ್ಪತ್ರೆ. ಕೊನೆಗೆ ನಾದಿನಿ, "ಇವತ್ತು ನಾನಿರ್ತೀನಿ ಅತ್ತಿಗೆ. ನಿಮ್ಮ ಮುಖ ನೋಡಿದ್ರೆ ಡಾಕ್ಟರು ನಿಮ್ಮನ್ನೇ ಮಂಚ ಹತ್ತಿಸ್ತಾರೆ" ಅಂದಿದ್ದಳು.

ನಿದ್ದೆಯ ಆಸೆಗೆ ಅವಳು ಅವತ್ತೊಂದು ತಪ್ಪು ಮಾಡಿದ್ದಳು. ಪರೀಕ್ಷೆಗೆ ಬಂದಿದ್ದು ಅಂಗೈಯಗಲದ ಕಂಚಿನ ನಾಯಿ, ಸಾವಿರಾರು ವರ್ಷದ್ದು. ಎಕ್ಸ್‌ರೇಯಲ್ಲಿ ಮುಂಗಾಲಿನ ಬುಡಕ್ಕೆ ಜೋಡಿಸಿದಂಥ ಗೆರೆ ಕಂಡಿತ್ತು. ಕಾಲು ಆ ಕಾಲದ್ದೋ, ಈಚೆಗೆ ಯಾರೋ ಅಂಟಿಸಿದ್ದೋ? ಮೈಯಿಂದ ಒಂದಿಷ್ಟು, ಕಾಲಿನಿಂದ ಒಂದಿಷ್ಟು ಪುಡಿ ಕೊರೆದು ತಾಳೆ ನೋಡಬೇಕು. ಮೈಯದು ನೋಡಿದಳು. ಕಾಲಿನದಕ್ಕೆ ಕೈ ಏಳಲಿಲ್ಲ. "ಈಚಿನದು" ಅಂತ ಬರೆದಿಟ್ಟು ಎದ್ದುಬಂದಳು. ಈಚಿನದು ಅಂದ್ರೆ ಬೆಳಿಗ್ಗೆ ಮ್ಯೂಸಿಯಮ್ಮಿನ ಸಾಹೇಬರು ಆ ಕಾಲನ್ನ ಕೊಯ್ಸಿಬಿಡ್ತಾರೆ, ಅದೂ ಗೊತ್ತಿತ್ತು.

ಬಾವಿ ದಾಟಿದಳು... ಹಿಂದೆ ಸದ್ದು.

ಟಣ್... ಟಣ್... ಟಣ್... ಆಮೇಲೆ ಸರ್ರ್ ಅಂತ ಏನೋ ಎಳೆದ ಹಾಗೆ.

ನಿಂತಳು. ಅದೂ ನಿಂತಿತು. ತಿರುಗಿದರೆ, ಬಾವಿಕಟ್ಟೆ ಮೇಲೆ ಯಾರೋ ಕೂತು ಉಸಿರು ಬಿಡ್ತಿದ್ದಾರೆ. ಕುಲುಮೆಯ ತಿದಿ ಒತ್ತಿದ ಹಾಗೆ... ಹುಸ್ಸ್... ಹುಸ್ಸ್...

"ಯಾರು?"

"ಆ ಕಾಲು ನಾನೇ ಎರಕ ಹೊಯ್ದಿದ್ದು, ತಾಯಿ."

"...ಯಾವ ಕಾಲು?"

"ಮೊದಲ ಸಲ ಕಂಚು ಅಚ್ಚಿನೊಳಗೆ ಕಾಲಿನತನಕ ಇಳೀಲಿಲ್ಲ. ನಾಯಿ ಕುಂಟಾಯ್ತು. ನಂಗೂ ಸಾಕಾಗಿತ್ತು... ಆದ್ರೂ ಮತ್ತೆ ಬೆಂಕಿ ಹಾಕಿ, ಉಳಿದ ಕಂಚಲ್ಲೇ ಕಾಲು ಕೂಡಿಸ್ದೆ."

ಅವಳಿಗೆ ಅಳು ಬಂತು. ಹೆದರಿಕೆಗಲ್ಲ, ಸುಸ್ತಿಗೆ. "ಬೆಳಿಗ್ಗೆ ನೋಡ್ತೀನಿ ಅಜ್ಜ..."

"ಬೆಳಿಗ್ಗೆ ಗರಗಸ ಬರತ್ತಲ್ಲ."

ಹಣೆ ಚಚ್ಚಿಕೊಂಡು ಮ್ಯೂಸಿಯಮ್ಮಿಗೆ ವಾಪಸ್ ಹೋದಳು. "ಏನಮ್ಮ, ಮನೆ ದಾರಿ ಮರೆತ್ರಾ?" ಅಂದ ಕಾವಲುಗಾರ. ಕಾಲಿನ ಒಳಮೈಯನ್ನ ಕೊರೆದಳು... ಕಿರ್ರ್... ಪುಡಿಯನ್ನ ಯಂತ್ರಕ್ಕಿಟ್ಟಳು. ತಾಮ್ರ, ತವರ, ಎಲ್ಲಾ ಮೈಯದೇ ಪಾಕ. ಕೂದಲೆಳೆ ವ್ಯತ್ಯಾಸ ಇಲ್ಲ. ಬರೆದದ್ದು ಹೊಡೆದುಹಾಕಿ, ಆ ಕಾಲನ್ನ ಹೆಬ್ಬೆರಳಲ್ಲಿ ಸವರಿದಳು. ಕಂಚು ತಣ್ಣಗೆ ಕೊರೀತಿತ್ತು.

ಕಾಲು ಉಳೀತು, ಬಿಡಿ.

ಆದರೆ ಬೆಳಗಾಗೋ ಹೊತ್ತಿಗೆ ಅವಳು ನನ್ನ ಬಾಗಿಲು ಬಡಿದಳು. ಹೆಬ್ಬೆರಳು ಮುಂದೆ ಹಿಡಿದಳು... ಬೊಬ್ಬೆ. ಸುಟ್ಟ ಬೊಬ್ಬೆ, ನೀರು ತುಂಬ್ಕೊಂಡು ಮಿರಮಿರ ಅಂತಿತ್ತು. ವಾರದಿಂದ ಅವಳ ಮನೇಲಿ ಒಲೇನೇ ಹಚ್ಚಿಲ್ಲ.

ಸುಳ್ಳಲ್ಲ ಕಣ್ರೋ. ಬೆಣ್ಣೆ ಹಚ್ಚಿದ್ದು ನಾನೇ.